ಫ್ಲಾಸ್ಕಿನ ದೊಡ್ಡಣ್ಣ

ಹೋದ ತಿಂಗಳು ಆಸ್ಪತ್ರೆಯಲ್ಲಿದ್ದ ನಮ್ಮತ್ತೆಯವರಿಗೆ ಫ್ಲಾಸ್ಕಿನಲ್ಲಿ ಕಾಫಿ ಒಯ್ದಿದ್ದೆ. ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡಾಗ ಅದರ ಮೈ ಬೆಚ್ಚಗಿತ್ತು. ಆಗಲೇ ಅನುಮಾನ ಬರಬೇಕಿತ್ತು ನನಗೆ. ಅಲ್ಲಿ ಹೋಗಿ ಲೋಟಕ್ಕೆ ಬಗ್ಗಿಸಿದರೆ ಕಾಫಿ ಆರಿಹೋಗಿತ್ತು. ಪಾಪ, ಅತ್ತೆ ಏನೂ ಅನ್ನದೆ ಕುಡಿದರು. ಕಾಲೇಜಿಗೆ ಹೋಗುವ ಮಗ ಮಾತ್ರ, "ಒಳಗಿನ ನಿರ್ವಾತ ಹೋಗಿದೆಯಮ್ಮ, ರಾಕೆಟ್ಟಿನ ಇಂಧನದ ಟ್ಯಾಂಕಿಗೂ ಇದೇ ಕಾಟ" ಎಂದ. ಕೇಳುತ್ತಾ ಹೋದಂತೆ ನಿಮಗೂ ಹೇಳಬೇಕೆನ್ನಿಸಿತು.

ಫ್ಲಾಸ್ಕ್ ಹುಟ್ಟಿದ್ದು ಕಾಫಿಗಾಗಿ ಅಲ್ಲವಂತೆ! 1892ರಲ್ಲಿ ಜೇಮ್ಸ್ ಡ್ಯೂವರ್ ಎಂಬ ವಿಜ್ಞಾನಿ ಅದನ್ನು ಮಾಡಿದ್ದು, ತಣ್ಣಗೆ ಮಾಡಿ ದ್ರವವಾಗಿಸಿದ ಅನಿಲಗಳನ್ನು ಇಡುವುದಕ್ಕೆ. 1898ರಲ್ಲಿ ಆತನೇ ಜಲಜನಕವನ್ನೂ ದ್ರವ ಮಾಡಿದ. ನಮ್ಮ ಚಂದ್ರಯಾನ-3 ಅನ್ನು 2023ರಲ್ಲಿ ಹೊತ್ತೊಯ್ದ ರಾಕೆಟ್ಟಿನ ಮೇಲಿನ ಹಂತದಲ್ಲಿ ಉರಿದದ್ದೂ ಈ ದ್ರವ ಜಲಜನಕವೇ.

ಇದು ಮೈನಸ್ 253 ಡಿಗ್ರಿಯಲ್ಲೇ ಕುದಿಯುತ್ತದೆ. ಮಾಗಿಯ ಚಳಿಯೂ ಅದಕ್ಕೆ ಉರಿಯುವ ಒಲೆ! ಎಷ್ಟು ಭದ್ರ ಮಾಡಿದರೂ ಒಂದಿಷ್ಟು ಶಾಖ ಒಳಗೆ ನುಸುಳಿ ಆವಿಯೇಳುತ್ತದೆ. ಆವಿಯನ್ನು ಬಿಡದಿದ್ದರೆ ಟ್ಯಾಂಕೇ ಒಡೆದೀತು.

ಅಮೆರಿಕದ ಫ್ಲಾರಿಡಾದ ಕೆನಡಿ ಬಾಹ್ಯಾಕಾಶ ಕೇಂದ್ರದಲ್ಲಿ 1960ರ ದಶಕದಲ್ಲಿ ಎರಡು ಗುಂಡು ಟ್ಯಾಂಕು ಕಟ್ಟಿದರು, ಒಂದೊಂದೂ ಸುಮಾರು 32 ಲಕ್ಷ ಲೀಟರಿನದು. ಗುಂಡಗೇಕೆಂದರೆ, ಹಿಡಿಯುವ ಅಳತೆಗೆ ಹೊರಮೈ ಅತಿ ಕಡಿಮೆಯಿರುವುದು ಗುಂಡು ಪಾತ್ರೆಗೇ. ಎರಡು ಗೋಡೆಗಳ ನಡುವೆ ಗಾಳಿ ತೆಗೆದು, ಪರ್ಲೈಟ್ ಎಂಬ, ಭತ್ತದ ಅರಳಿನಂತೆ ಉಬ್ಬಿಸಿದ ಕಲ್ಲಿನ ಪುಡಿ ತುಂಬಿದ್ದರು. ಒಂದು ಟ್ಯಾಂಕಿನಲ್ಲಿ ಈ ಪುಡಿ ಒಂದು ಕಡೆ ಇಲ್ಲದೆ ಪೊಳ್ಳಾಗಿತ್ತು. ಆ ಜಾಗದಲ್ಲಿ ಹೊರಮೈ ತಣ್ಣಗಾಗಿ, ಪಸೆ ಕೂತು, ಬಣ್ಣದ ಮೇಲೆ ಬೂಷ್ಟು ಬಂತು. ನನ್ನ ಫ್ಲಾಸ್ಕಿನ ಬೆಚ್ಚನೆ ಮೈಯದೇ ಕಥೆ, ತಿರುವುಮುರುವು ಅಷ್ಟೇ. ತುಂಬುವಾಗ, ಕೊಳವೆ ತಣಿಸುವಾಗ ಆಗುವ ನಷ್ಟವೂ ಸೇರಿ, ಸ್ಪೇಸ್ ಶಟಲ್ ಹಾರುತ್ತಿದ್ದ ವರ್ಷಗಳಲ್ಲಿ ಕೊಂಡ ಜಲಜನಕದಲ್ಲಿ ಹತ್ತಿರ ಹತ್ತಿರ ಅರ್ಧ ಪೋಲಾಯಿತಂತೆ! ನಾವು ಅರ್ಧ ಲೀಟರ್ ಹಾಲು ಉಕ್ಕಿಸಿದರೆ ಮನೆಯಲ್ಲಿ ಎಷ್ಟು ಮಾತು ಕೇಳಬೇಕು ಹೇಳಿ.

ಇನ್ನೊಂದು ತಮಾಷೆ ಕೇಳಿ. ಈ ಅಣುಗಳಲ್ಲಿ ಎರಡು ಬಗೆ. ಒಂದರಲ್ಲಿ ಒಳಗಿನ ಜೋಡಿ ಒಂದೇ ದಿಕ್ಕಿಗೆ ತಿರುಗಿದರೆ, ಇನ್ನೊಂದರಲ್ಲಿ ಎದುರುಬದುರು. ಸಾಧಾರಣ ಹವೆಯಲ್ಲಿ ಮೊದಲನೆಯದು ಮುಕ್ಕಾಲು ಪಾಲು. ಕೊರೆಯುವ ತಣ್ಣಗಿನಲ್ಲಿ ಅದು ಮೆಲ್ಲಗೆ ಎರಡನೆಯದಾಗುತ್ತಾ ಶಾಖ ಬಿಡುತ್ತದೆ. ಹೊರಗಿನಿಂದ ಏನೂ ನುಸುಳದಿದ್ದರೂ ಟ್ಯಾಂಕಿನೊಳಗೇ ಕುದಿ! ಇಡ್ಲಿ ಹಿಟ್ಟು ಹುದುಗು ಬರುವ ಮೊದಲೇ ಡಬ್ಬಿ ತುಂಬಾ ಹಾಕಿ ಮುಚ್ಚಿದರೆ ರಾತ್ರಿ ಉಕ್ಕುವುದಿಲ್ಲವೇ, ಹಾಗೆ. ಅದಕ್ಕೇ ತಣಿಸುವಾಗಲೇ ಕಬ್ಬಿಣದ ಆಕ್ಸೈಡಿನಂಥ ವಸ್ತುವಿನ ಮೇಲೆ ಹಾಯಿಸಿ ಆ ಬದಲಾವಣೆ ಮುಗಿಸಿಬಿಡುತ್ತಾರೆ.

2018ರಲ್ಲಿ ಅದೇ ಕೆನಡಿಯಲ್ಲಿ 47 ಲಕ್ಷ ಲೀಟರಿನ ಹೊಸ ಟ್ಯಾಂಕು ಕಟ್ಟಲು ಶುರುಮಾಡಿದರು. ಪರ್ಲೈಟ್ ಬದಲು ಕಣ್ಣಿಗೆ ಪುಡಿಯಂತೆ ಕಾಣುವ ಗಾಜಿನ ಗುಳ್ಳೆ. ಜೊತೆಗೆ ಒಳಗೆ ತಣ್ಣನೆಯ ಹೀಲಿಯಂ ಹರಿಸಲು ಕೊಳವೆಯ ಏರ್ಪಾಡೂ ಇದೆ. ಹೀಲಿಯಂ ಉಪಾಯವನ್ನು ಮೊದಲೇ ಸುಮಾರು 1 ಲಕ್ಷ 25 ಸಾವಿರ ಲೀಟರಿನ ಟ್ಯಾಂಕಿನಲ್ಲಿ ಪರೀಕ್ಷಿಸಿದ್ದರು. ತಿಂಗಳುಗಟ್ಟಲೆ ಒಂದಿಷ್ಟೂ ಆವಿ ಹೊರಗೆ ಬಿಡಬೇಕಾಗಲಿಲ್ಲ.

ನನ್ನ ಫ್ಲಾಸ್ಕಿಗಂತೂ ಹೊಸ ರೀಫಿಲ್ ಹಾಕಿಸಿದೆ. ನಿಮ್ಮದಕ್ಕೂ ಕುದಿನೀರು ತುಂಬಿ ಅರ್ಧ ಗಂಟೆ ಬಿಟ್ಟು ಹೊರಮೈ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಆಸ್ಪತ್ರೆಗೆ ಅದನ್ನು ಒಯ್ಯಬೇಡಿ.