ನಿಂತಲ್ಲೇ ತುಳಿಯುವ ಸೈಕಲ್ಲು: ಹೃದಯಬಲದ ಅಳತೆಗೋಲು

ನವಲಗುಂದದ ಎರೆಹೊಲದಲ್ಲಿ ದುಡಿಯುವ ರೈತನೂ ಅಣ್ಣಿಗೇರಿಯಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತ ವ್ಯಾಪಾರಿಯೂ ತಾವು ಗಟ್ಟಿಮುಟ್ಟಾಗಿದ್ದೇವೆಂದೇ ಭಾವಿಸುತ್ತಾರೆ. ಮೆಟ್ಟಿಲೇರುವಾಗ ಏದುಸಿರು ಬಂದಾಗಲೇ ಸಂದೇಹ ಮೂಡುವುದು. ಕಾಯಕಕ್ಕೆ ಕಾಯವೇ ಆಧಾರ. ಅದರ ಬಲವನ್ನು ಮೊದಲೇ ಅರಿಯುವುದು ಲೇಸಲ್ಲವೇ?

ದುಡಿಯುವ ಸ್ನಾಯುಗಳಿಗೆ ಆಮ್ಲಜನಕ ಬೇಕು. ಅದನ್ನು ಶ್ವಾಸಕೋಶ ಪಡೆಯುತ್ತದೆ, ಹೃದಯವು ರಕ್ತದ ಮೂಲಕ ತಲುಪಿಸುತ್ತದೆ. ದೇಹವು ನಿಮಿಷಕ್ಕೆ ಗರಿಷ್ಠ ಎಷ್ಟು ಆಮ್ಲಜನಕವನ್ನು ಬಳಸಬಲ್ಲದೋ ಅದೇ ನಮ್ಮ ದಮ್ಮಿನ ಅಳತೆ. ಇದನ್ನು ನೇರವಾಗಿ ಅಳೆಯಲು ಮುಖಕ್ಕೆ ಮುಸುಕು ಕಟ್ಟಿ, ಶಕ್ತಿ ಮುಗಿಯುವವರೆಗೆ ದುಡಿಸಬೇಕು. 1954ರಲ್ಲಿ ಸ್ವೀಡನ್ನಿನ ಆಸ್ಟ್ರಾಂಡ್ ಮತ್ತು ರೀಮಿಂಗ್ ಎಂಬ ವಿಜ್ಞಾನಿಗಳು ಸುಲಭ ಮಾರ್ಗವೊಂದನ್ನು ತೋರಿದರು.

ನಿಂತ ಸೈಕಲ್ಲಿನಲ್ಲಿ ಗಾಳಿ, ಏರು, ಕೆಸರುಗಳ ಅಡ್ಡಿಯಿಲ್ಲ. ತುಳಿತದ ಭಾರ ನಿಖರವಾಗಿ ತಿಳಿದಿರುತ್ತದೆ. ಒಂದೇ ಭಾರಕ್ಕೆ ಎಲ್ಲರಿಗೂ ಹೆಚ್ಚುಕಡಿಮೆ ಅಷ್ಟೇ ಆಮ್ಲಜನಕ ಬೇಕು. ನಿಮಿಷಕ್ಕೆ 50 ಸುತ್ತಿನಂತೆ 6 ನಿಮಿಷ ತುಳಿಸಿ, ಕೊನೆಯ ಎರಡು ನಿಮಿಷಗಳ ನಾಡಿಯನ್ನು ಎಣಿಸುತ್ತಾರೆ. ಅದು ಸ್ಥಿರವಾಗಿ, 120ರಿಂದ 170ರೊಳಗೆ ಇರಬೇಕು. ಒಂದೇ ಭಾರಕ್ಕೆ ಒಬ್ಬನ ನಾಡಿ 125, ಸಮವಯಸ್ಕನಾದ ಇನ್ನೊಬ್ಬನದು 155 ಆದರೆ, ಮೊದಲನೆಯವನ ಹೃದಯದಲ್ಲಿ ಇನ್ನೂ ಬಲ ಮಿಕ್ಕಿದೆಯೆಂದು ಅರ್ಥ. ವಯಸ್ಸಾದಂತೆ ಗರಿಷ್ಠ ನಾಡಿಬಡಿತ ಇಳಿಯುವುದರಿಂದ ಲೆಕ್ಕದಲ್ಲಿ ತಿದ್ದುಪಡಿಯುಂಟು. ಫಲವನ್ನು ತೂಕದಿಂದ ಭಾಗಿಸುತ್ತಾರೆ: 2.4 ಲೀಟರ್ ಬಂದರೆ 60 ಕಿಲೋ ತೂಕದವರಿಗೆ ಕಿಲೋಗೆ 40 ಮಿಲಿಲೀಟರ್, 80 ಕಿಲೋದವರಿಗೆ 30 ಮಾತ್ರ. ಬೊಜ್ಜಿನ ಹೊರೆ ಇಲ್ಲಿ ಎದ್ದು ಕಾಣುತ್ತದೆ.

ಆದರೆ ಇದು ಅಂದಾಜೇ ಹೊರತು ಅಂತಿಮ ತೀರ್ಪಲ್ಲ. ನೂರಕ್ಕೆ 10–15ರಷ್ಟು ವ್ಯತ್ಯಾಸ ಬರಬಹುದು. ಬೇಸಿಗೆಯ ಬಿಸಿಲು, ಜ್ವರ, ಆಗತಾನೇ ಕುಡಿದ ಚಹಾ ನಾಡಿಯನ್ನು ಏರಿಸುತ್ತವೆ. ರಕ್ತದೊತ್ತಡಕ್ಕೆ ಕೊಡುವ ಬೀಟಾ ಬ್ಲಾಕರ್ ಮಾತ್ರೆಗಳು ನಾಡಿಯನ್ನು ಇಳಿಸಿ, ಇಲ್ಲದ ಬಲವನ್ನು ಇದೆಯೆಂದು ತೋರಿಸುತ್ತವೆ. ಪರೀಕ್ಷೆಗಾಗಿ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಲೇಬಾರದು. ನಡೆಯುವಾಗ ಎದೆನೋವು, ತಲೆಸುತ್ತು, ಹೆಚ್ಚಿನ ಏದುಸಿರು ಇರುವವರು ಪೆಡಲ್ ತುಳಿಯುವ ಮೊದಲು ವೈದ್ಯರನ್ನು ಕಾಣಬೇಕು.

ಸೈಕಲ್ಲು ಸಿಗದ ಹಳ್ಳಿಗಳ ಭಕ್ತರು ನಿರಾಶರಾಗಬೇಕಿಲ್ಲ. ಆರೋಗ್ಯವಂತರು ತಿಂಗಳಿಗೊಮ್ಮೆ, ತಂಪು ಹೊತ್ತಿನಲ್ಲಿ, ಅದೇ ದಾರಿಯನ್ನು ಅದೇ ವೇಗದಲ್ಲಿ ನಡೆದು, ನಿಂತೊಡನೆ ಮಣಿಕಟ್ಟಿನ ನಾಡಿಯನ್ನು 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿ ಬರೆದಿಡಲಿ. ನಿತ್ಯದ ನಡಿಗೆಯಿಂದ ಆ ಸಂಖ್ಯೆ ಇಳಿಯುತ್ತ ಬಂದರೆ ದಮ್ಮು ಬೆಳೆಯುತ್ತಿದೆಯೆಂದು ತಿಳಿಯಬಹುದು. ನಮ್ಮ ಹೋಲಿಕೆ ನೆರೆಯವರೊಂದಿಗಲ್ಲ, ನಿನ್ನೆಯ ನಮ್ಮೊಂದಿಗೇ ಇರಲಿ.