ಕರಾವಳಿಯ ಊಟದಲ್ಲಿ ಕಳ್ಳಿನ ಹುಳಿ

ಹಿರೇವಡ್ಡಟ್ಟಿ ಕಡೆಯವರಿಗೆ ಸಮುದ್ರವೆಂದರೆ ಒಂದು ರಾತ್ರಿಯ ಪ್ರಯಾಣ. ಗದಗು, ಹುಬ್ಬಳ್ಳಿ, ಯಲ್ಲಾಪುರ ದಾಟಿ ಅರಬೈಲು ಘಟ್ಟ ಇಳಿದರೆ ಅಂಕೋಲಾ, ಮುಂದೆ ಕಾರವಾರ. ಅಲ್ಲಿಂದ ಬೆಳಿಗ್ಗೆ ಹೊರಟರೆ ಗೋವಾದ ಕಾಣಕೋಣ, ಮಡಗಾಂವ್ ನೋಡಿ ರಾತ್ರಿಯೊಳಗೆ ಮರಳಬಹುದು. ಹೋದವರು ಅಲ್ಲಿಯ ಊಟ ಮಾಡುತ್ತಾರೆ, ಬೇಕಾದವರು ಅಲ್ಲಿಯ ಮದ್ಯದ ರುಚಿ ನೋಡುತ್ತಾರೆ. ಊಟವೇ ಬೇರೆ, ಕುಡಿತವೇ ಬೇರೆ ಎಂಬುದು ನಮ್ಮ ಲೆಕ್ಕ. ಕರಾವಳಿಯ ಅಡುಗೆಮನೆಯಲ್ಲಿ ಈ ಲೆಕ್ಕ ತಪ್ಪುತ್ತದೆ.

ನಮ್ಮಲ್ಲಿ ಸಿಂದಿ ಎಂದರೆ ಈಚಲ ಮರ ನೆನಪಾಗುತ್ತದೆ. ಕರಾವಳಿಯಲ್ಲಿ ಕಳ್ಳು ತೆಂಗಿನದು. ಅರಳದ ಹೊಂಬಾಳೆಯನ್ನು ಬಿಗಿದು ಕಟ್ಟಿ, ಮೆಲ್ಲಗೆ ಬಡಿದು, ತುದಿ ಕೆತ್ತಿ, ಗಡಿಗೆ ತೂಗುಬಿಡುತ್ತಾರೆ. ತೊಟ್ಟಿಕ್ಕುವ ರಸ ಮೊದಲು ಬರೀ ಸಿಹಿ. ಗಡಿಗೆಯೊಳಗೆ ಸುಣ್ಣ ಬಳಿದಿದ್ದರೆ ಅದು ನೀರಾ. ಬಳಿಯದಿದ್ದರೆ ಗಾಳಿಯಲ್ಲಿನ ಕಣ್ಣಿಗೆ ಕಾಣದ ಜೀವಿಗಳು ಸೇರಿ ಕೆಲವೇ ತಾಸಿನಲ್ಲಿ ನೊರೆಯೇಳುತ್ತದೆ, ಅಮಲು ಹುಟ್ಟುತ್ತದೆ. ಇನ್ನೂ ಬಿಟ್ಟರೆ ಹುಳಿಯೇರಿ ವಿನೆಗರ್ ಆಗುತ್ತದೆ. ಆದ್ದರಿಂದಲೇ ತಾಜಾ ಕಳ್ಳು ಘಟ್ಟ ಹತ್ತಿ ನಮ್ಮೂರಿಗೆ ಬರಲಾರದು. ರುಚಿ ನೋಡಬೇಕೆಂದರೆ ಮರದ ಬುಡಕ್ಕೇ ಹೋಗಬೇಕು.

ಈ ಒಂದೊಂದು ಹಂತಕ್ಕೂ ಅಡುಗೆಯಲ್ಲಿ ಒಂದೊಂದು ಕೆಲಸವಿದೆ. ಮಂಗಳೂರು, ಗೋವಾದ ಕ್ರೈಸ್ತರ ಹಬ್ಬದೂಟದ ‘ಸನ್ನ’ ನೋಡಲು ನಮ್ಮ ಇಡ್ಲಿಯಂತೆಯೇ. ಆದರೆ ರುಬ್ಬಿದ ಅಕ್ಕಿಹಿಟ್ಟನ್ನು ಉಬ್ಬಿಸುವುದು ನೊರೆಯೆದ್ದ ಕಳ್ಳು. ಗೋವಾದ ರೊಟ್ಟಿ ಸುಡುವವರೂ ಹಿಂದೆ ಹಿಟ್ಟಿಗೆ ಕಳ್ಳನ್ನೇ ಹಾಕುತ್ತಿದ್ದರು.

ಹುಳಿಯೇರಿದ ಕಳ್ಳಿನ ಕಥೆ ಇನ್ನೂ ಸ್ವಾರಸ್ಯಕರ. 1510ರಲ್ಲಿ ಗೋವಾವನ್ನು ಗೆದ್ದ ಪೋರ್ಚುಗೀಸರು ಮಾಂಸವನ್ನು ದ್ರಾಕ್ಷಿ ಮದ್ಯ ಮತ್ತು ಬೆಳ್ಳುಳ್ಳಿಯಲ್ಲಿ ನೆನೆಸಿಡುವ ಪದ್ಧತಿಯನ್ನು ತಂದರು. ಅವರ ಭಾಷೆಯಲ್ಲಿ ‘ವಿನ್ಯೊ’ ಎಂದರೆ ದ್ರಾಕ್ಷಿ ಮದ್ಯ, ‘ಆಲ್ಯು’ ಎಂದರೆ ಬೆಳ್ಳುಳ್ಳಿ. ಇಲ್ಲಿ ದ್ರಾಕ್ಷಿ ಮದ್ಯದ ಜಾಗಕ್ಕೆ ಕಳ್ಳಿನ ವಿನೆಗರ್ ಬಂತು, ಮೆಣಸಿನಕಾಯಿ ಸೇರಿತು, ಹೆಸರು ‘ವಿಂದಾಲೂ’ ಆಯಿತು. ಅದರಲ್ಲಿ ‘ಆಲೂ’ ಇದೆಯೆಂದು ಬಗೆದು ಬಟಾಟಿ ಹಾಕುವ ಹೋಟೆಲುಗಳೂ ಇವೆ!

ಕಳ್ಳನ್ನು ಭಟ್ಟಿ ಇಳಿಸಿದರೆ ತೆಂಗಿನ ಫೆನಿ. ಇಂದು ಹೆಚ್ಚು ಹೆಸರಾದದ್ದು ಗೇರುಹಣ್ಣಿನ ಫೆನಿ. ಬ್ರೆಜಿಲಿನಿಂದ ಗೇರುಗಿಡ ತಂದವರೂ ಪೋರ್ಚುಗೀಸರೇ. ಬೇಸಿಗೆಯಲ್ಲಿ ಹಣ್ಣಿನ ರಸವನ್ನು ಹುಳಿಯಿಸಿ ಒಮ್ಮೆ ಇಳಿಸಿದರೆ ‘ಉರ್ರಾಕ್’, ಮತ್ತೆ ಇಳಿಸಿದರೆ ಫೆನಿ. 2009ರಲ್ಲಿ ಗೇರು ಫೆನಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು.

ಫೆನಿ ಸೀಸೆಯಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಕಳ್ಳು ಉಳಿಯುವುದಿಲ್ಲ. ಅದಕ್ಕೆ ದಿನವೂ ಮರವೇರುವವರು ಬೇಕು. ದಕ್ಷಿಣ ಕನ್ನಡದಲ್ಲಿ ಮೂರ್ತೆದಾರರು, ಗೋವಾದಲ್ಲಿ ರೆಂದೇರರು ತಲೆಮಾರುಗಳಿಂದ ಮಾಡುತ್ತ ಬಂದ ಈ ಕೆಲಸದಲ್ಲಿ ಕಾಲು ಜಾರಿದರೆ ಜೀವವೇ ಹೋಗುತ್ತದೆ. ಅವರ ಮಕ್ಕಳು ಬೇರೆ ಉದ್ಯೋಗ ಹಿಡಿದರೆ ತಪ್ಪೆನ್ನಲಾಗದು. ಎಷ್ಟೋ ಮನೆಗಳಲ್ಲಿ ಸನ್ನದ ಹಿಟ್ಟನ್ನು ಉಬ್ಬಿಸುವುದು ಈಗ ಅಂಗಡಿಯ ಯೀಸ್ಟ್. ಆಕಾರ ಅದೇ ಇರುತ್ತದೆ, ಆ ನಸುಹುಳಿ ಮಾತ್ರ ಇರುವುದಿಲ್ಲ.

ಮುಂದಿನ ಸಲ ಘಟ್ಟ ಇಳಿದಾಗ ಕುಡಿಯದವರೂ ಒಂದು ಸನ್ನ ತರಿಸಿಕೊಳ್ಳಲಿ. ಹಿಟ್ಟಿಗೆ ಏನು ಹಾಕಿದ್ದೀರಿ ಎಂದು ಕೇಳಲಿ. ‘ಕಳ್ಳು’ ಎಂಬ ಉತ್ತರ ಬಂದರೆ, ಆ ಬೆಳಿಗ್ಗೆ ಯಾರೋ ಒಬ್ಬರು ಮರ ಹತ್ತಿ ಇಳಿದಿದ್ದಾರೆಂದು ತಿಳಿಯಬಹುದು.