ದಂಡಿನ ಬಿಡಾರದಲ್ಲಿ ಒಂದು ದಿನ



ಸೈನಿಕ ಅಂದ ಕೂಡಲೇ ನಮ್ಮ ಕಣ್ಣಮುಂದೆ ಬರುವುದು ಯುದ್ಧ. ಬಂದೂಕು, ಫಿರಂಗಿ, ಕುದುರೆ, ಬಾವುಟ. ಆದರೆ ಸೈನಿಕನ ಬದುಕಿನಲ್ಲಿ ಯುದ್ಧ ನಡೆಯುವುದು ಕೆಲವೇ ದಿನ. ಉಳಿದ ದಿನಗಳೆಲ್ಲ ಕಳೆಯುವುದು ಬಿಡಾರದಲ್ಲಿ. ಅಲ್ಲಿ ಅವನು ಎಷ್ಟು ಹೊತ್ತಿಗೆ ಏಳುತ್ತಿದ್ದ? ಏನು ತಿನ್ನುತ್ತಿದ್ದ? ಹೇಳಿದ ಮಾತು ಕೇಳದಿದ್ದರೆ ಏನು ಶಿಕ್ಷೆ? ಇದನ್ನೆಲ್ಲ ಪರೀಕ್ಷೆಯಲ್ಲಿ ಯಾರೂ ಕೇಳುವುದಿಲ್ಲ. ಆದರೂ ತಿಳಿದುಕೊಂಡರೆ ಶಿಸ್ತು ಅಂದರೆ ಏನು ಅನ್ನುವ ಪ್ರಶ್ನೆಗೆ ಒಳ್ಳೆಯ ಉತ್ತರ ಸಿಗುತ್ತದೆ. ಅದಕ್ಕೇ ಈ ವಿಷಯ ಆರಿಸಿಕೊಂಡೆ.

ಯಾವ ದಂಡು?

ನಾನು ಹೇಳಹೊರಟಿರುವುದು ಅಮೆರಿಕದ ಅಂತರ್ಯುದ್ಧದ ಕಾಲದ ಉತ್ತರದ ಸೈನ್ಯದ ಬಗ್ಗೆ. ಈ ಯುದ್ಧ 1861ರಿಂದ 1865ರವರೆಗೆ ನಡೆಯಿತು. ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ಜನರನ್ನು ಗುಲಾಮರನ್ನಾಗಿ ಇಟ್ಟುಕೊಂಡು ಹತ್ತಿ ಹೊಲಗಳಲ್ಲಿ ದುಡಿಸುತ್ತಿದ್ದರು. ಆ ಪದ್ಧತಿ ಕೈತಪ್ಪಬಾರದೆಂದು 11 ರಾಜ್ಯಗಳು ದೇಶದಿಂದ ಬೇರೆಯಾಗಲು ಹೊರಟವು. ಆಗ ಅಧ್ಯಕ್ಷರಾಗಿದ್ದವರು ಅಬ್ರಹಾಂ ಲಿಂಕನ್. ದೇಶ ಒಡೆಯಲು ಅವರು ಬಿಡಲಿಲ್ಲ.

ನಾಲ್ಕು ವರ್ಷಗಳಲ್ಲಿ ಉತ್ತರದ ಸೈನ್ಯಕ್ಕೆ 20 ಲಕ್ಷಕ್ಕೂ ಹೆಚ್ಚು ಜನ ಸೇರಿದರು. ಇವರಲ್ಲಿ ಬಹಳ ಮಂದಿ ಹಳ್ಳಿಯ ರೈತರ ಮಕ್ಕಳು. ನೇಗಿಲು ಹಿಡಿದು ಗೊತ್ತು, ದನ ಮೇಯಿಸಿ ಗೊತ್ತು, ಸಾಲಿನಲ್ಲಿ ಹೆಜ್ಜೆ ಹಾಕಿ ಗೊತ್ತಿಲ್ಲ. ಇಂಥವರನ್ನು ನೂರು ನೂರು ಜನರ ಕಂಪನಿಗಳಾಗಿ ಮಾಡಿದರು. ಹತ್ತು ಕಂಪನಿ ಸೇರಿದರೆ ಒಂದು ರೆಜಿಮೆಂಟು. ಅಂದರೆ ಲೆಕ್ಕದ ಪ್ರಕಾರ ಒಂದು ರೆಜಿಮೆಂಟಿನ ಬಿಡಾರವೆಂದರೆ ಸಾವಿರ ಜನರ ಒಂದು ಊರು. ಆದರೆ ಅದು ಬಾವಿಯೂ ಇಲ್ಲದ, ಮನೆಯೂ ಇಲ್ಲದ, ಒಂದೇ ದಿನದಲ್ಲಿ ಎದ್ದು ನಿಲ್ಲುವ ಊರು!

ಮೊದಮೊದಲು ದುಂಡನೆಯ ದೊಡ್ಡ ಡೇರೆಗಳಿದ್ದವು. ನಡುವೆ ಒಂದು ಕಂಬ. ಹನ್ನೆರಡು ಜನರೋ ಅದಕ್ಕಿಂತ ಹೆಚ್ಚು ಜನರೋ ಕಂಬದ ಕಡೆ ಕಾಲು ಚಾಚಿ, ಗಾಡಿ ಚಕ್ರದ ಅರೆಗಳ ಹಾಗೆ ಮಲಗುತ್ತಿದ್ದರು. ಇಕ್ಕಟ್ಟಾದಾಗ ಒಬ್ಬ ಮಗ್ಗುಲು ಬದಲಿಸಬೇಕಾದರೆ ಎಲ್ಲರೂ ಬದಲಿಸಬೇಕು!

ಬೆಳಗಿನಿಂದ ರಾತ್ರಿಯವರೆಗೆ

ಆಗ ಸೈನಿಕರೆಲ್ಲರ ಹತ್ತಿರ ಗಡಿಯಾರ ಇರಲಿಲ್ಲ. ಬಿಡಾರದ ಗಡಿಯಾರ ಎಂದರೆ ಡ್ರಮ್ಮು ಮತ್ತು ಕಹಳೆ. ನಮ್ಮ ಶಾಲೆಯಲ್ಲಿ ಗಂಟೆ ಇದ್ದ ಹಾಗೆ. ಆದರೆ ನಮ್ಮ ಗಂಟೆ ದಿನಕ್ಕೆ ಕೆಲವೇ ಸಲ ಹೊಡೆಯುತ್ತದೆ, ಶಬ್ದವೂ ಒಂದೇ ತರಹ. ಅಲ್ಲಿ ಏಳುವುದಕ್ಕೆ ಒಂದು ಬಡಿತ, ಊಟಕ್ಕೆ ಇನ್ನೊಂದು, ಕವಾಯತಿಗೆ ಮತ್ತೊಂದು. ಸದ್ದು ಕೇಳಿದ ತಕ್ಷಣ ಕಾಲು ತಾನಾಗಿ ಓಡಬೇಕು.

ಬೇಸಿಗೆಯಲ್ಲಿ ಸುಮಾರು 5 ಗಂಟೆಗೆ, ಚಳಿಗಾಲದಲ್ಲಿ 6 ಗಂಟೆಗೆ ಮೊದಲ ಡ್ರಮ್ಮು. ಕಣ್ಣುಜ್ಜಿಕೊಂಡು ಎಲ್ಲರೂ ಸಾಲಾಗಿ ನಿಲ್ಲಬೇಕು. ಸಾರ್ಜೆಂಟು ಹಾಜರಿ ಕೂಗುತ್ತಾನೆ. ಆಮೇಲೆ ತಿಂಡಿ. ಕಾಯಿಲೆ ಆದವರಿಗೆ ಬೇರೆಯೇ ಒಂದು ಕರೆ. ಅವರು ಡಾಕ್ಟರ ಡೇರೆ ಮುಂದೆ ನಿಲ್ಲಬೇಕು. ಜ್ವರ ಅಂದರೆ ಅಲ್ಲಿ ಬಹಳ ಸಲ ಸಿಗುತ್ತಿದ್ದುದು ಕಹಿಯಾದ ಕ್ವಿನೈನ್. ಇದಾದ ಮೇಲೆ ಪಹರೆಯವರ ಬದಲಾವಣೆ, ಬಿಡಾರ ಗುಡಿಸುವುದು, ಸೌದೆ ಕಡಿಯುವುದು, ನೀರು ಹೊರುವುದು. ನಂತರ ಕವಾಯತು. ಮಧ್ಯಾಹ್ನ ಊಟ, ಮತ್ತೆ ಕವಾಯತು. ಸಂಜೆ ಬಟ್ಟೆ ಕೊಡವಿ, ಗುಂಡಿ ಉಜ್ಜಿ, ಇಡೀ ರೆಜಿಮೆಂಟು ಪೆರೇಡಿಗೆ ನಿಲ್ಲಬೇಕು. ರಾತ್ರಿ ಮತ್ತೊಮ್ಮೆ ಹಾಜರಿ. ಕೊನೆಗೆ ದೀಪ ಆರಿಸುವ ಕರೆ.

ಈ ದೀಪ ಆರಿಸುವ ಕರೆಗೆ ಒಂದು ಕಥೆ ಇದೆ. 1862ರ ಜುಲೈ ತಿಂಗಳಲ್ಲಿ ವರ್ಜೀನಿಯಾದ ಒಂದು ಬಿಡಾರದಲ್ಲಿ ಡೇನಿಯಲ್ ಬಟರ್‌ಫೀಲ್ಡ್ ಎಂಬ ಸೇನಾಪತಿ ತನ್ನ ಕಹಳೆಗಾರನನ್ನು ಕರೆದು ಹಳೆಯ ರಾಗವನ್ನು ತಿದ್ದಿಸಿದ. ಬರೀ 24 ಸ್ವರಗಳ ಆ ಪುಟ್ಟ ರಾಗ ಅಕ್ಕಪಕ್ಕದ ಬಿಡಾರಗಳಿಗೂ ಇಷ್ಟವಾಗಿ ಹರಡಿತು. ಅಮೆರಿಕದಲ್ಲಿ ಇಂದಿಗೂ ಸೈನಿಕರ ಅಂತ್ಯಕ್ರಿಯೆಯಲ್ಲಿ ಅದನ್ನು ನುಡಿಸುತ್ತಾರೆ.

ಡ್ರಮ್ಮು ಬಾರಿಸುತ್ತಿದ್ದವರು ಯಾರು ಗೊತ್ತಾ? ಎಷ್ಟೋ ಕಡೆ ನಮ್ಮ ವಯಸ್ಸಿನ ಹುಡುಗರು! ಜಾನಿ ಕ್ಲೆಮ್ ಎಂಬುವನು ಹುಟ್ಟಿದ್ದು 1851ರಲ್ಲಿ. ಒಂಬತ್ತು ವರ್ಷದ ಹುಡುಗನಾಗಿದ್ದಾಗಲೇ ಮನೆ ಬಿಟ್ಟು ಓಡಿಹೋಗಿ ಸೈನ್ಯದ ಬೆನ್ನುಹತ್ತಿದ. 1863ರಲ್ಲಿ ಅವನ ಹೆಸರು ಸೈನ್ಯದ ಪಟ್ಟಿಗೇ ಸೇರಿತು. ದೊಡ್ಡವನಾದ ಮೇಲೆ ಸೈನ್ಯದಲ್ಲಿ ಅಧಿಕಾರಿಯಾಗಿ 1915ರಲ್ಲಿ ನಿವೃತ್ತನಾದ. ಇದನ್ನು ಕೇಳಿ ನಮಗೆ ಉತ್ಸಾಹ ಬರಬಹುದು. ಆದರೆ ಯುದ್ಧ ನಡೆಯುವಾಗ ಗಾಯಗೊಂಡವರನ್ನು ಹೊತ್ತು ತರುವುದು, ಕೈಕಾಲು ಕತ್ತರಿಸುವ ಡಾಕ್ಟರಿಗೆ ಸಹಾಯ ಮಾಡುವುದು ಕೂಡ ಈ ಹುಡುಗರ ಪಾಲಿಗೆ ಬರುತ್ತಿತ್ತು. ಆ ವಯಸ್ಸಿಗೆ ಅದು ನೋಡುವಂಥದ್ದಲ್ಲ.

ಕವಾಯತು ಯಾಕೆ ಬೇಕಿತ್ತು?

ದಿನಾ ಎರಡು ಮೂರು ಸಲ ಎಡ ಬಲ, ಎಡ ಬಲ ಅಂತ ನಡೆಸುವುದು ಯಾಕೆ ಅಂತ ಆ ಸೈನಿಕರೂ ಗೊಣಗುತ್ತಿದ್ದರು. ಉತ್ತರ ಅವರ ಬಂದೂಕಿನಲ್ಲಿತ್ತು.

ಆಗಿನ ಬಂದೂಕಿಗೆ ಬಾಯಿಯ ಕಡೆಯಿಂದ ಮದ್ದು ತುಂಬಬೇಕು. ಮದ್ದು ಮತ್ತು ಗುಂಡು ಸೇರಿಸಿ ಸುತ್ತಿದ ಕಾಗದದ ಪೊಟ್ಟಣವನ್ನು ಹಲ್ಲಿನಿಂದ ಹರಿಯಬೇಕು. ಮದ್ದು ಸುರಿದು, ಗುಂಡು ಇಟ್ಟು, ಉದ್ದನೆಯ ಕಬ್ಬಿಣದ ಗಜದಿಂದ ಒಳಕ್ಕೆ ಜಡಿಯಬೇಕು. ಗಜ ಹೊರಗೆ ತೆಗೆದು, ಕೇಪು ಕೂರಿಸಿ, ಆಮೇಲೆ ಗುರಿ. ಕವಾಯತಿನ ಪುಸ್ತಕದಲ್ಲಿ ಈ ತುಂಬುವ ಕೆಲಸವನ್ನು ಒಂಬತ್ತು ಹಂತವಾಗಿ ವಿಂಗಡಿಸಿದ್ದರು. ಚೆನ್ನಾಗಿ ಪಳಗಿದವನು ನಿಮಿಷಕ್ಕೆ ಮೂರು ಸಲ ಹಾರಿಸಬಲ್ಲವನಾಗಿದ್ದ. ಮುಂದಿನ ಹಲ್ಲು ಇಲ್ಲದವನು ಸೈನ್ಯಕ್ಕೆ ಬೇಡ ಅಂತ ಹೇಳುತ್ತಿದ್ದುದು ಈ ಕಾರಣಕ್ಕೇ!

ಹೊಗೆ, ಕಿರುಚಾಟ, ಪಕ್ಕದವನು ಬೀಳುತ್ತಿರುವುದು, ಇದರ ನಡುವೆ ಯೋಚಿಸುವುದಕ್ಕೆ ಎಲ್ಲಿ ಸಾಧ್ಯ? ತಲೆ ಕೆಲಸ ಮಾಡದಿದ್ದರೂ ಕೈ ಮಾಡಬೇಕು. ಅದಕ್ಕೇ ಅಷ್ಟು ಅಭ್ಯಾಸ. ಅಷ್ಟಾದರೂ ಸಾಲಲಿಲ್ಲ. 1863ರ ಜುಲೈಯಲ್ಲಿ ಗೆಟಿಸ್‌ಬರ್ಗ್ ಕದನ ಮುಗಿದ ಮೇಲೆ ನೆಲದ ಮೇಲೆ ಬಿದ್ದಿದ್ದ ಸುಮಾರು 27 ಸಾವಿರ ಬಂದೂಕುಗಳನ್ನು ಆರಿಸಿದರು. ಅವುಗಳಲ್ಲಿ ಸುಮಾರು 24 ಸಾವಿರ ಬಂದೂಕುಗಳಲ್ಲಿ ಗುಂಡು ಹಾಗೇ ಇತ್ತು. ಸಾವಿರಾರು ಬಂದೂಕುಗಳಲ್ಲಿ ಒಂದರ ಮೇಲೊಂದು ಎರಡು, ಮೂರು, ಇನ್ನೂ ಹೆಚ್ಚು ಗುಂಡು ತುಂಬಿದ್ದವು. ಗಾಬರಿಯಲ್ಲಿ ತುಂಬಿದ್ದಾರೆ, ಹಾರಿಸಿಲ್ಲ. ಹಾರಿತೋ ಇಲ್ಲವೋ ಅನ್ನುವುದೂ ಆ ಗದ್ದಲದಲ್ಲಿ ಗೊತ್ತಾಗಿಲ್ಲ.

ಊಟ

ಊಟದ ವಿಷಯ ಬರೆಯದಿದ್ದರೆ ನೀವು ನನ್ನನ್ನು ಬಿಡುವುದಿಲ್ಲ. ಮುಖ್ಯ ಆಹಾರ ಹಿಟ್ಟು ಮತ್ತು ನೀರಿನಿಂದ ಮಾಡಿದ ಗಟ್ಟಿ ಬಿಸ್ಕತ್ತು. ಸುಮಾರು ಮೂರು ಇಂಚು ಅಗಲ, ಅರ್ಧ ಇಂಚು ದಪ್ಪ. ಕಲ್ಲಿನಂತೆ ಗಟ್ಟಿ. ಬಂದೂಕಿನ ಹಿಂಭಾಗದಿಂದ ಕುಟ್ಟಿ ಪುಡಿ ಮಾಡಿಕೊಳ್ಳುತ್ತಿದ್ದರು. ಹಳೆಯದಾದರೆ ಹುಳು. ಆಗ ಬಿಸಿ ಕಾಫಿಯಲ್ಲಿ ಹಾಕುವುದು, ಹುಳು ತೇಲುತ್ತಲೇ ತೆಗೆದು ಎಸೆಯುವುದು, ತಿನ್ನುವುದು! ಇದರ ಜೊತೆಗೆ ಉಪ್ಪು ಹಾಕಿಟ್ಟ ಹಂದಿಮಾಂಸ, ಹುರುಳಿಯಂಥ ಕಾಳು. ಕಾಫಿ ಮಾತ್ರ ಅವರಿಗೆ ಜೀವ. ಬೀಜ ತಾವೇ ಹುರಿದು, ಕುಟ್ಟಿ, ಡಬ್ಬಿಯಲ್ಲಿ ಕುದಿಸಿಕೊಳ್ಳುತ್ತಿದ್ದರು. ತರಕಾರಿ, ಹಣ್ಣು ಸಿಗುತ್ತಿದ್ದುದು ಅಪರೂಪ.

ಶಿಕ್ಷೆ

ಸೈನ್ಯದಲ್ಲಿ ಚಾಟಿಯಿಂದ ಹೊಡೆಯುವ ಶಿಕ್ಷೆಯನ್ನು 1861ರಲ್ಲಿ ಕಾನೂನು ಮಾಡಿ ನಿಲ್ಲಿಸಿದರು. ಹಾಗಂತ ಶಿಕ್ಷೆ ಕಡಿಮೆ ಆಗಲಿಲ್ಲ. ಭಾರದ ದಿಮ್ಮಿ ಹೊತ್ತು ಗಂಟೆಗಟ್ಟಲೆ ನಡೆಯುವುದು, ಎತ್ತರದ ಮರದ ತೊಲೆಯ ಮೇಲೆ ಕುದುರೆ ಸವಾರಿಯಂತೆ ಕೂರುವುದು ಇವೆಲ್ಲ ಇದ್ದವು. ಕಳ್ಳತನ ಮಾಡಿದವನಿಗೆ ತಳವಿಲ್ಲದ ಪೀಪಾಯಿ ತೊಡಿಸಿ, ಕಳ್ಳ ಎಂದು ಬರೆದು ಬಿಡಾರದ ತುಂಬ ನಡೆಸುತ್ತಿದ್ದರು. ಕೈಕಾಲು ಕಟ್ಟಿ ಬಾಯಿಗೆ ಕಟ್ಟಿಗೆ ತುರುಕಿ ಕೂರಿಸುವ ಕ್ರೂರ ಶಿಕ್ಷೆಯೂ ಇತ್ತು. ಸೈನ್ಯ ಬಿಟ್ಟು ಓಡಿದರೆ, ಪಹರೆಯಲ್ಲಿ ನಿದ್ದೆ ಮಾಡಿದರೆ ಮರಣದಂಡನೆಯವರೆಗೂ ಹೋಗಬಹುದಿತ್ತು.

ಇಲ್ಲಿ ಇಬ್ಬರ ಕಥೆ ಹೇಳಲೇಬೇಕು. ವಿಲಿಯಂ ಸ್ಕಾಟ್ ಎಂಬ ವರ್ಮಾಂಟ್ ರಾಜ್ಯದ ಯುವಕ 1861ರಲ್ಲಿ ವಾಷಿಂಗ್ಟನ್ ಹತ್ತಿರ ಪಹರೆಯಲ್ಲಿ ನಿದ್ದೆ ಹೋದ. ಗುಂಡಿಕ್ಕಿ ಕೊಲ್ಲಬೇಕೆಂದು ತೀರ್ಪಾಯಿತು. ಕೊನೆಗೆ ಅವನಿಗೆ ಕ್ಷಮೆ ಸಿಕ್ಕಿತು. ಮುಂದಿನ ವರ್ಷ ಏಪ್ರಿಲ್‌ನಲ್ಲಿ ಅವನು ಕದನದಲ್ಲಿ ಹೋರಾಡುತ್ತಾ ಸತ್ತ.

ಇನ್ನೊಬ್ಬ ಸಾರ್ಜೆಂಟ್ ವಿಲಿಯಂ ವಾಕರ್. ಕಪ್ಪು ಜನಾಂಗದವನು, ಗುಲಾಮಗಿರಿಯಿಂದ ಬಿಡಿಸಿಕೊಂಡು ಬಂದು ಸೈನ್ಯ ಸೇರಿದವನು. ಆಗ ಬಿಳಿಯ ಸೈನಿಕನಿಗೆ ತಿಂಗಳಿಗೆ 13 ಡಾಲರ್ ಸಂಬಳ. ಕಪ್ಪು ಸೈನಿಕನಿಗೆ 10 ಡಾಲರ್, ಅದರಲ್ಲೂ ಬಟ್ಟೆಗೆಂದು 3 ಡಾಲರ್ ಮುರಿದುಕೊಳ್ಳುತ್ತಿದ್ದರು. ಕೆಲಸ ಒಂದೇ, ಸಾವು ಒಂದೇ, ಸಂಬಳ ಮಾತ್ರ ಬೇರೆ! 1863ರ ನವೆಂಬರಿನಲ್ಲಿ ವಾಕರ್ ತನ್ನ ಕಂಪನಿಯವರೊಡನೆ ಅಧಿಕಾರಿಯ ಡೇರೆ ಮುಂದೆ ಬಂದೂಕು ಇಟ್ಟು, ಸಮಾನ ಸಂಬಳ ಕೊಡುವವರೆಗೆ ಕೆಲಸ ಮಾಡುವುದಿಲ್ಲ ಎಂದ. ಇದನ್ನು ದಂಗೆ ಎಂದು ಕರೆದು 1864ರಲ್ಲಿ ಅವನನ್ನು ಗುಂಡಿಕ್ಕಿ ಕೊಂದರು. ಅದೇ ವರ್ಷ ಜೂನ್ ತಿಂಗಳಲ್ಲಿ ಸಂಬಳ ಸಮ ಮಾಡುವ ಕಾನೂನು ಬಂತು. ಅವನು ಕೇಳಿದ್ದು ನ್ಯಾಯವಾಗಿಯೇ ಇತ್ತು ಎಂದಾಯಿತಲ್ಲ. ನಿದ್ದೆ ಹೋದವನು ಉಳಿದ, ನ್ಯಾಯ ಕೇಳಿದವನು ಸತ್ತ. ಶಿಸ್ತಿನ ಹೆಸರಿನಲ್ಲಿ ಅನ್ಯಾಯವೂ ನಡೆಯುತ್ತದೆ ಅನ್ನುವುದನ್ನು ನಾವು ಮರೆಯಬಾರದು.

ಗುಂಡಿಗಿಂತ ದೊಡ್ಡ ಶತ್ರು

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಉತ್ತರದ ಸೈನ್ಯದಲ್ಲಿ ಸತ್ತವರು ಸುಮಾರು 3 ಲಕ್ಷ 60 ಸಾವಿರ. ಕದನದಲ್ಲಿ ಮತ್ತು ಗಾಯದಿಂದ ಸತ್ತವರು ಇವರಲ್ಲಿ ಎಷ್ಟು ಅಂದುಕೊಂಡಿದ್ದೀರಿ? ಸುಮಾರು 1 ಲಕ್ಷ 10 ಸಾವಿರ ಮಾತ್ರ. ರೋಗದಿಂದ ಸತ್ತವರು ಸುಮಾರು 2 ಲಕ್ಷ 24 ಸಾವಿರ! ಅಂದರೆ ಗುಂಡು ಒಬ್ಬನನ್ನು ಕೊಂದರೆ ರೋಗ ಇಬ್ಬರನ್ನು ಕೊಂದಿತು.

ಯಾವ ರೋಗ? ಭೇದಿ, ಆಮಶಂಕೆ, ಟೈಫಾಯಿಡ್, ಮಲೇರಿಯಾ, ನ್ಯುಮೋನಿಯಾ, ದಡಾರ. ದೂರದೂರದ ಹಳ್ಳಿಗಳಲ್ಲಿ ಬೆಳೆದ ಹುಡುಗರಿಗೆ ಚಿಕ್ಕಂದಿನಲ್ಲಿ ದಡಾರ ಬಂದಿರಲಿಲ್ಲ. ಒಂದೇ ಕಡೆ ಸಾವಿರ ಜನ ಸೇರಿದಾಗ ಒಬ್ಬನಿಂದ ಎಲ್ಲರಿಗೂ ಹರಡಿತು. ಹೊಟ್ಟೆಯ ರೋಗಗಳಿಗೆ ಕಾರಣ ಗಲೀಜು. ಬಿಡಾರದ ಪಕ್ಕ ಕಕ್ಕಸಿಗೆ ಉದ್ದನೆಯ ಗುಂಡಿ ತೋಡಬೇಕು, ದಿನವೂ ಮಣ್ಣು ಮುಚ್ಚಬೇಕು ಎಂದು ನಿಯಮವಿತ್ತು. ಆದರೆ ಎಷ್ಟೋ ಜನ ಅಲ್ಲಿಗೆ ಹೋಗದೆ ಮರದ ಹಿಂದೆ, ಹಳ್ಳದ ದಂಡೆಯಲ್ಲಿ ಕೂರುತ್ತಿದ್ದರು. ಕುಡಿಯುವ ನೀರೂ ಅದೇ ಹಳ್ಳದ್ದು. ಸಂಜೆ ಪೆರೇಡಿಗೆ ಗುಂಡಿ ಮಿರಮಿರ ಹೊಳೆಯುತ್ತಿತ್ತು, ಆದರೆ ಲೋಟದಲ್ಲಿ ಸಾವು ಇತ್ತು.

ರೋಗಾಣುಗಳ ವಿಷಯ ಆಗಿನ ವೈದ್ಯರಿಗೆ ಗೊತ್ತಿರಲಿಲ್ಲ. ಟೈಫಾಯಿಡ್ ರೋಗಾಣುವನ್ನು ಗುರುತಿಸಿದ್ದು 1880ರಲ್ಲಿ. ಕೆಟ್ಟ ಗಾಳಿಯಿಂದ ರೋಗ ಬರುತ್ತದೆಂದು ಅವರು ನಂಬಿದ್ದರು. ಆದರೂ ಗಲೀಜು ಇದ್ದಲ್ಲಿ ರೋಗ ಇದೆ ಎಂಬುದನ್ನು ಕೆಲವರು ಕಣ್ಣಾರೆ ಕಂಡಿದ್ದರು. ಕ್ರಿಮಿಯನ್ ಯುದ್ಧದ ಕಾಲದಲ್ಲಿ, 1854ರಿಂದ 1856ರವರೆಗೆ, ಫ್ಲಾರೆನ್ಸ್ ನೈಟಿಂಗೇಲ್ ಮಾಡಿದ ಕೆಲಸ ಅವರಿಗೆ ದಾರಿ ತೋರಿಸಿತು. 1861ರ ಜೂನ್‌ನಲ್ಲಿ ಅಮೆರಿಕದಲ್ಲಿ ನೈರ್ಮಲ್ಯ ಆಯೋಗ ಹುಟ್ಟಿತು. ಅದರ ಕಡೆಯವರು ಬಿಡಾರದಿಂದ ಬಿಡಾರಕ್ಕೆ ಹೋಗಿ ನೀರು, ಗುಂಡಿ, ಅಡುಗೆ ನೋಡಿ ವರದಿ ಬರೆದರು. 1862ರಲ್ಲಿ ಜೊನಾಥನ್ ಲೆಟರ್‌ಮನ್ ಎಂಬ ಸೇನಾ ವೈದ್ಯ ಹೀಗೆಂದ: ಬಾವಿ ತೋಡಿ, ವಾರಕ್ಕೊಮ್ಮೆಯಾದರೂ ಸ್ನಾನ ಮಾಡಿಸಿ, ಕಕ್ಕಸು ಗುಂಡಿಗೆ ದಿನಾ ಆರು ಇಂಚು ಮಣ್ಣು ಹಾಕಿ, ಕಸ ಹೂಳಿ, ತಾಜಾ ತರಕಾರಿ ಕೊಡಿ. ನೋಡಿ, ಇದರಲ್ಲಿ ದುಬಾರಿ ಔಷಧಿ ಒಂದೂ ಇಲ್ಲ. ಎಲ್ಲ ಗುದ್ದಲಿ, ಬುಟ್ಟಿ, ನೀರಿನ ಕೆಲಸ!

ನನಗೆ ಅನ್ನಿಸಿದ್ದು

ಶಿಸ್ತು ಅಂದರೆ ಸಾಲಾಗಿ ನಿಲ್ಲುವುದು, ಗಂಟೆ ಹೊಡೆದಾಗ ಏಳುವುದು ಅಂತ ನಾವು ತಿಳಿಯುತ್ತೇವೆ. ಅದೂ ಬೇಕು. ಆದರೆ ಅದು ಎಲ್ಲರೂ ನೋಡುವ ಶಿಸ್ತು. ಮರದ ಹಿಂದೆ ಹೋಗದೆ ಗುಂಡಿಯವರೆಗೆ ನಡೆಯುವುದು, ಯಾರೂ ನೋಡದಿದ್ದರೂ ಮಣ್ಣು ಮುಚ್ಚುವುದು, ಕೈ ತೊಳೆಯುವುದು, ಇದು ಯಾರೂ ನೋಡದ ಶಿಸ್ತು. ಆ ಬಿಡಾರಗಳಲ್ಲಿ ಮೊದಲನೆಯದು ತಪ್ಪಿದರೆ ಪೀಪಾಯಿ ತೊಡಿಸುತ್ತಿದ್ದರು. ಎರಡನೆಯದು ತಪ್ಪಿದರೆ ಬಹಳ ಸಲ ಯಾರೂ ಕೇಳುತ್ತಿರಲಿಲ್ಲ. ಸತ್ತವರು ಹೆಚ್ಚಾಗಿ ಎರಡನೆಯದು ತಪ್ಪಿದ್ದರಿಂದ. ಅದೂ ತಪ್ಪಿದವನೊಬ್ಬನೇ ಸಾಯಲಿಲ್ಲ, ಅದೇ ಹಳ್ಳದ ನೀರು ಕುಡಿದ ಪಕ್ಕದವನೂ ಸತ್ತ.

ಆದ್ದರಿಂದ ಸ್ನೇಹಿತರೇ, ಕುಡಿಯುವ ನೀರಿನ ಕೊಡದ ಮುಚ್ಚಳ ತೆಗೆದವರು ಮತ್ತೆ ಮುಚ್ಚಿ. ಕೊಡದೊಳಗೆ ಕೈ ಅದ್ದಬೇಡಿ, ಹಿಡಿಕೆಯ ಲೋಟದಿಂದ ಬಗ್ಗಿಸಿಕೊಳ್ಳಿ. ಊಟಕ್ಕೆ ಮೊದಲು ಕೈ ತೊಳೆಯಿರಿ. ಇದಕ್ಕೆ ಡ್ರಮ್ಮು ಬೇಕಾಗಿಲ್ಲ, ಸಾರ್ಜೆಂಟೂ ಬೇಕಾಗಿಲ್ಲ.



— ಒಂಬತ್ತನೇ ತರಗತಿಯ ಒಬ್ಬ ವಿದ್ಯಾರ್ಥಿ